ಕಿರುಬೆರಳಿನ ಸಂದು

ಮಳೆಗಾಲ ಹಿಡಿದು ಎಂಟು ದಿನವಾಗಿತ್ತು. ಬೆಳಗಿನ ಹಾಲು ಬರುವ ಹೊತ್ತು. ಕದ ತೆಗೆದರೆ ಹೊರಗೆ ಒಂದು ತಗಡಿನ ಪೆಟ್ಟಿಗೆ, ಅದರ ಪಕ್ಕದಲ್ಲಿ ಅಣ್ಣ. ಹದಿನೆಂಟು ವರ್ಷದ ಮೇಲೆ ನೋಡುತ್ತಿದ್ದ ತಂಗಿ ಪೆಟ್ಟಿಗೆಯ ಹಿಡಿಗೆ ಕೈ ಹಾಕಿದಳು. ಏನು ಕೇಳಬೇಕೋ ತೋಚದೆ ಕೇಳಿದಳು:

“ಪೆಟ್ಟಿಗೇಲಿ ಏನಿದೆ?”

“ಉಳಿ, ಹತ್ತರಿ, ಗರಗಸ.”

“ಬಟ್ಟೆ?”

“ಮೈಮೇಲಿದೆಯಲ್ಲ.”

ಅವಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನಾಲ್ಕು ದಿನ ಇದ್ದು ಹೋಗುವವನು ಬಟ್ಟೆ ತರುತ್ತಾನೆ. ಸಲಕರಣೆ ತಂದವನು ಉಳಿಯುತ್ತಾನೆ.

ಆ ಬೀದಿಯವರು ಅವಳನ್ನು ದ್ವೀಪದಕ್ಕ ಅನ್ನುತ್ತಿದ್ದರು. ಹುಟ್ಟಿದ್ದು ಬೆಳೆದದ್ದು ಸಮುದ್ರದ ನಡುವಿನ ಒಂದು ಚೂರು ನೆಲದಲ್ಲಿ. ಅಲ್ಲಿಗೆ ಮೊಟ್ಟಮೊದಲ ಬಸ್ಸು ದೊಡ್ಡ ದೋಣಿ ಏರಿ ಬಂದಾಗ ಅದನ್ನು ಓಡಿಸಿ ತೋರಿಸಲು ಒಬ್ಬ ಡ್ರೈವರ್ ಬಂದಿದ್ದ. ಬಸ್ಸು ಅಲ್ಲೇ ಉಳಿಯಿತು, ಡ್ರೈವರ್ ಬಡಗಿಯ ತಂಗಿಯನ್ನು ಕಟ್ಟಿಕೊಂಡು ವಾಪಸು ಬಂದ. ದ್ವೀಪದವರು ಈಚೆಯ ಸೀಮೆಯನ್ನು ದೊಡ್ಡನೆಲ ಅನ್ನುತ್ತಾರೆ. ಆ ದೊಡ್ಡನೆಲದಲ್ಲಿ, ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಅವಳಿಗೆ ಕೆಲಸ. ಮೊದಲ ದಿನ ಹಾಸಿಗೆ ಬಟ್ಟೆ ಹರವಿ, ಇನ್ನು ಮೂರು ದಿನ ಈ ಕಡೆ ತಲೆ ಹಾಕುವಂತಿಲ್ಲ ಎಂದುಕೊಂಡು ಕೂತಿದ್ದಳಂತೆ. ಗಂಟೆಯೊಳಗೆ ಅದು ಹಪ್ಪಳದ ಹಾಗೆ ಒಣಗಿತ್ತು. ದ್ವೀಪದಲ್ಲಿ ಬಟ್ಟೆ ಒಣಗುತ್ತದೆ ಎಂಬುದೇ ಒಂದು ಮರ್ಯಾದೆಯ ಮಾತು. ಅಲ್ಲಿ ಎರಡೇ ಕಾಲ: ಮಳೆ ಬರುವ ಕಾಲ, ಮಳೆ ಇದೀಗ ಹೋದ ಕಾಲ.

ಅತ್ತಿಗೆ ತೀರಿಕೊಂಡು ವರ್ಷ ತುಂಬಿತ್ತು, ಅಣ್ಣನಿಗೆ ಮಕ್ಕಳಿರಲಿಲ್ಲ. “ಬಂದು ನನ್ನ ಹತ್ರ ಇದ್ದುಬಿಡು” ಎಂದು ಹೇಳಿ ಕಳಿಸಿದ್ದವಳು ಅವಳೇ. ಹಿತ್ತಿಲ ಕೋಣೆ ತೆರವು ಮಾಡಿ, ಸುಣ್ಣ ಹೊಡೆಸಿಟ್ಟಿದ್ದಳು. ಅದಕ್ಕೆ ಬಾಗಿಲು ಮಾತ್ರ ಇರಲಿಲ್ಲ. ಬೇಕೆಂದೇ ಮಾಡಿಸಿರಲಿಲ್ಲ.

ಊಟಕ್ಕೆ ಕೂತಾಗ ಭಾವ-ಭಾವಮೈದುನರ ಕುಸ್ತಿ ಶುರುವಾಗುತ್ತಿತ್ತು.

“ನಿಮ್ಮ ದ್ವೀಪ ಬಿಡಿ ಭಾವ, ಮೂರನೇ ಗೇರ್ ಹಾಕೋಷ್ಟರಲ್ಲಿ ನೆಲ ಮುಗಿದುಹೋಗುತ್ತೆ” ಎನ್ನುವನು ಡ್ರೈವರ್.

“ನಿಮ್ಮಲ್ಲಿ ದಿನವಿಡೀ ಓಡಿಸಿದ್ರೂ ಮುಗಿಯೋದೇ ಇಲ್ಲವಲ್ಲ ಡ್ರೈವರ್ ಸಾಹೇಬ್ರೇ, ಮತ್ತೆ ಎಲ್ಲಿ ನಿಲ್ಲಿಸ್ತೀರಿ?”

“ರಾಜ್ಯದ ಗಡೀಲಿ.”

“ಅಲ್ಲಿ ಏನಿದೆ?”

“ಬನ್ನಿ, ತೋರಿಸ್ತೀನಿ.”

ಒಂದು ಭಾನುವಾರ ತನ್ನ ಬಸ್ಸಿನಲ್ಲೇ ಕೂರಿಸಿಕೊಂಡು ಹೋದ. ಆರು ತಾಸು. ಒಂದು ನದಿ, ಎರಡು ಬೋಳುಗುಡ್ಡ, ಬಯಲು, ಮತ್ತೆ ಬಯಲು. ಕೊನೆಗೆ ಹೊಲದ ನಡುವೆ ಒಂದು ಬೋರ್ಡು. ಅಣ್ಣ ಇಳಿದು, ಬೋರ್ಡಿನ ಆಚೆ ಒಂದು ಹಿಡಿ ಮಣ್ಣು, ಈಚೆ ಒಂದು ಹಿಡಿ ಮಣ್ಣು ತೆಗೆದು ನೋಡಿದ. ಮನೆಗೆ ಬಂದವನು ತಂಗಿಯ ಹತ್ತಿರ ಮೆಲ್ಲಗೆ ಹೇಳಿದ: “ಎರಡೂ ಒಂದೇ ಮಣ್ಣು ಕಣೇ. ನೆಲ ಮುಗೀತು ಅನ್ನೋದನ್ನ ಬೋರ್ಡ್ ಓದಿ ತಿಳ್ಕೋಬೇಕಾ? ಓದು ಬರದವನು ನಡೀತಾನೇ ಇರ್ತಾನೆ.”

ಅವಳು ನಕ್ಕಳು. ಆಮೇಲೆ ಪಾತ್ರೆ ತೊಳೆಯುವಾಗ ಯಾಕೋ ಕೈ ನಿಂತಿತು.

ಅಣ್ಣ ಹಿತ್ತಿಲ ಕೋಣೆಯ ಬಾಗಿಲಿಗೆ ಕೈ ಹಚ್ಚಿದ. ಹಲಗೆ ಕೊಯ್ದು, ಹತ್ತರಿ ಎಳೆದು ನುಣುಪು ಮಾಡಿ, ಚೌಕಟ್ಟಿಗೆ ಆನಿಸಿ ನಿಲ್ಲಿಸಿದ ಮೇಲೆ ಜೇಬಿನಿಂದ ಒಂದು ಮರದ ಚಕ್ಕೆ ತೆಗೆದ. ಕಂಡೊಡನೆ ಅವಳಿಗೆ ಗುರುತು ಸಿಕ್ಕಿತು. ಅವಳು ಐದು ವರ್ಷದವಳಿದ್ದಾಗ, ಹೊಸದಾಗಿ ಕೆಲಸ ಕಲಿಯುತ್ತಿದ್ದ ಅಣ್ಣ ಬಾಗಿಲು ಕೂರಿಸುವಾಗಲೆಲ್ಲ “ಬಾರೇ, ಬೆರಳು ತಾ” ಎಂದು ಅವಳ ಕಿರುಬೆರಳನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ ತೂರಿಸಿ ನೋಡುತ್ತಿದ್ದ. ಅಷ್ಟು ಸಂದು ಬಿಡಬೇಕು. ಮಳೆ ಬಿದ್ದು ಮರ ಉಬ್ಬಿದರೆ ಸಂದು ತಾನೇ ಮುಚ್ಚುತ್ತದೆ. ಬಿಡದಿದ್ದರೆ ಮನೆಯವರು ಒಳಗೇ ಸೆರೆ. ಅವಳು ಬೆಳೆದು ಬೆರಳು ದಪ್ಪವಾಗುವ ಮುಂಚೆ ಅದರ ಅಳತೆಗೆ ಚಕ್ಕೆಯೊಂದನ್ನು ಕೆತ್ತಿಟ್ಟುಕೊಂಡಿದ್ದ. ಮೂವತ್ತೈದು ವರ್ಷದಿಂದ ದ್ವೀಪದ ಬಾಗಿಲುಗಳೆಲ್ಲ ಅವಳ ಕಿರುಬೆರಳಿನ ಲೆಕ್ಕ.

“ಮಳೆ ಬರ್ತಾ ಇದೆಯಲ್ಲ ಭಾವ, ಇನ್ನೂ ಯಾಕೆ ಸಂದು?” ಎಂದ ಡ್ರೈವರ್.

“ಇದು ಮಳೆಯಾ? ಮೋಡ ಮುಖ ತೊಳ್ಕೊಂಡು ಚೆಲ್ಲಿದ ನೀರು. ನಿಜವಾದ್ದು ಇನ್ನು ಬರಬೇಕು.”

ದೊಡ್ಡನೆಲದಲ್ಲಿ ಬರುವ ಮಳೆಯೇ ಇಷ್ಟು. ಇದಾದ ಮೇಲೆ ಬರುವುದು ಚಳಿ. ತುಟಿ ಬಿರಿಯುವ, ಹಿಮ್ಮಡಿ ಸೀಳುವ ಒಣಗಾಳಿ. ಮರ ಉಬ್ಬುವುದಿರಲಿ, ಇದ್ದದ್ದೂ ಕುಗ್ಗುತ್ತದೆ. ಹದಿನೆಂಟು ಚಳಿ ಕಂಡ ಅವಳಿಗೆ ಇದು ಗೊತ್ತಿರಲಿಲ್ಲವೇ? ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅಣ್ಣ ಚಕ್ಕೆ ತೂರಿಸಿ, ಒಂದು ಕಣ್ಣು ಮುಚ್ಚಿ, ತುಟಿ ಮಡಿಸಿ ನೋಡುತ್ತಿದ್ದ. ಥೇಟು ಅವತ್ತಿನ ಹುಡುಗ. ತನ್ನ ಮನೆಯಲ್ಲೂ ಅಂಥದೊಂದು ಬಾಗಿಲಿರಲಿ ಅನ್ನಿಸಿಬಿಟ್ಟಿತು. ಬಾಯಿಗೆ ಬೀಗ ಹಾಕಿಕೊಂಡಳು.

ಒಂದು ಬಾಗಿಲಿನಲ್ಲೇ ಮುಗಿದಿದ್ದರೆ ಸರಿಯಿತ್ತು. ಅದರ ಕೆತ್ತನೆಯ ಅಂದ ನೋಡಿ ಬೀದಿ ಕೊನೆಯ ಮರಗೆಲಸದ ಅಂಗಡಿಯ ಯಜಮಾನ ಅಣ್ಣನನ್ನು ಕರೆದೊಯ್ದ. ಬಸ್ ನಿಲ್ದಾಣದ ಎದುರು ಹೊಸ ವಸತಿಗೃಹ ಏಳುತ್ತಿತ್ತು. ಅದರ ಹನ್ನೆರಡು ಕೋಣೆಗೆ ಹನ್ನೆರಡು ಬಾಗಿಲು, ಎಲ್ಲಕ್ಕೂ ಅದೇ ಚಕ್ಕೆಯ ಸಂದು. ಅಣ್ಣನಿಗೆ ಕೆಲಸ ಸಿಕ್ಕಿತು, ಇನ್ನು ಅವನು ಹೋಗುವುದಿಲ್ಲ ಎಂಬ ಖುಷಿಯಲ್ಲಿ ತಂಗಿ ಆಗಲೂ ಸುಮ್ಮನಿದ್ದಳು. ಹೇಳಿದರೆ ಮುಖ ಸಣ್ಣದಾದೀತು, ಮುಖ ಸಣ್ಣದಾದವನು ಪೆಟ್ಟಿಗೆ ಕಟ್ಟಿಯಾನು ಎಂಬ ಅಂಜಿಕೆಯೂ ಇತ್ತು.

ಮಳೆ ನಿಂತಿತು. ಅಣ್ಣ ದಿನಾ ಆಕಾಶ ನೋಡಿದ. ಹಗಲು ಗಿಡ್ಡವಾಯಿತು, ಅದು ಅವನಿಗೆ ದೊಡ್ಡ ಸೋಜಿಗ. “ಸೂರ್ಯನಿಗೂ ಇಲ್ಲಿ ಅರ್ಧ ದಿನದ ರಜಾನಾ?” ಎಂದ. ದ್ವೀಪದಲ್ಲಿ ವರ್ಷವಿಡೀ ಸಂಜೆ ಒಂದೇ ಹೊತ್ತಿಗೆ ಬರುತ್ತದೆ.

ಒಣಗಾಳಿ ಬಿಟ್ಟ ಹದಿನೈದು ದಿನಕ್ಕೆ ಅಂಗಡಿಯ ಯಜಮಾನ ಮನೆ ಬಾಗಿಲಿಗೇ ಬಂದ.

“ಏನಪ್ಪಾ ಮೇಸ್ತ್ರಿ, ಬಾಗಿಲು ಮಾಡಿದ್ಯೋ ಜರಡಿ ಮಾಡಿದ್ಯೋ? ಚಿಲಕ ಹಾಕಿದ್ರೆ ಚೌಕಟ್ಟಿಗೆ ತಲುಪಲ್ಲ. ಒಳಗಿದ್ದವರು ಹೊರಗಿನವರಿಗೆ ಕಾಣ್ತಾರೆ!”

“ಸ್ವಲ್ಪ ತಾಳಿ ಯಜಮಾನ್ರೇ, ಮಳೆ ಬಂದ್ರೆ...”

“ಯಾವ ಮಳೆ? ಬಂದು ಹೋಯ್ತಲ್ಲ!”

ಅಣ್ಣ ತಂಗಿಯ ಮುಖ ನೋಡಿದ. ಅವಳು ನೆಲ ನೋಡಿದಳು. ಅವನಿಗೆ ಅರ್ಥವಾಯಿತು. ಹತ್ತರಿ ತೆಗೆದುಕೊಂಡು ಯಜಮಾನನ ಜೊತೆ ಹೊರಟ.

ಹನ್ನೊಂದು ದಿನ ಕೂತು ಹನ್ನೆರಡು ಬಾಗಿಲಿಗೂ ಅಂಚಿಗೆ ಪಟ್ಟಿ ಕೂಡಿಸಿದ. ಎಲ್ಲಿ ಹಲಗೆ ಮುಗಿದು ಎಲ್ಲಿ ಪಟ್ಟಿ ಶುರುವಾಯಿತೋ ಉಗುರಿಗೆ ಸಿಗದ ಹಾಗೆ. ಯಜಮಾನನ ಸಿಟ್ಟು ಬೆಣ್ಣೆಯಾಯಿತು. “ಇಲ್ಲೇ ಇರಪ್ಪ, ಕಾಯಂ ಕೆಲಸ. ನಿನ್ನಂಥ ಕೈ ಈ ಕಡೆ ಇಲ್ಲ” ಎಂದ.

ಆ ಸಂಜೆ ತಂಗಿ ಅಣ್ಣನ ಎದುರು ಕೂತು ಹೇಳಿಯೇಬಿಟ್ಟಳು. “ನಂಗೆ ಗೊತ್ತಿತ್ತು ಅಣ್ಣ. ಮರ ಕುಗ್ಗುತ್ತೆ ಅಂತ ಗೊತ್ತಿತ್ತು. ಆದ್ರೂ ಹೇಳಲಿಲ್ಲ.”

“ನೀನು ಹೇಳಿದ್ರೂ ಈ ಕೈ ಕೇಳ್ತಿತ್ತಾ ಬಿಡು.”

“ಸಿಟ್ಟಾ?”

“ಹುಚ್ಚಿ. ನನ್ನ ಬಾಗಿಲು ಬೇಕು ಅಂತ ನೀನು ಸುಮ್ನಿದ್ದೆ. ಅದಕ್ಕೆ ಸಿಟ್ಟು ಮಾಡ್ಲಾ?”

“ಹಾಗಾದ್ರೆ ಇರು. ಕೆಲಸವೂ ಕಾಯಂ ಆಯ್ತು.”

ಅಣ್ಣ ತನ್ನ ಬಲಗೈ ತಿರುಗಿಸಿ ನೋಡಿಕೊಂಡ. “ಹನ್ನೆರಡನೇ ಬಾಗಿಲಿಗೆ ಪಟ್ಟಿ ಹೊಡೆಯುವಾಗ ಚಕ್ಕೆ ತೆಗೀಲೇ ಇಲ್ಲ ಕಣೇ. ಕೈ ತಾನಾಗೇ ಬಿಗಿಯಾಗಿ ಕೂರಿಸ್ತು. ಅವತ್ತು ಹೆದರಿಕೆ ಆಯ್ತು. ಇನ್ನು ಹತ್ತು ಬಾಗಿಲು ಮಾಡಿದ್ರೆ ಸಾಕು, ನಾನು ದ್ವೀಪಕ್ಕೆ ಹೋಗಿ ಮಾಡಿದ ಬಾಗಿಲು ಮಳೇಲಿ ತೆರೆಯಲ್ಲ. ಅಲ್ಲಿ ಇನ್ಯಾರಿದ್ದಾರೆ ಬಡಗಿ? ನಿನ್ನ ಕೈಗೆ ಇಲ್ಲೀದು ಒಗ್ಗಿದೆ. ಬಟ್ಟೆ ಹರವಿದ ಒಂದು ಗಂಟೆಗೇ ಮಡಿಸೋಕೆ ಹೋಗ್ತೀಯ. ನೀನಿರು. ನನ್ನ ಕೈ ಹಾಗೇ ಇರ್ಲಿ.”

ಅವಳು ಅವನ ಜೇಬಿನತ್ತ ಕೈ ಚಾಚಿದಳು. ಕೊನೆಗೆ ಕೇಳಿದ್ದು ಇಷ್ಟೇ: “ಆ ಚಕ್ಕೆಯಾದ್ರೂ ಕೊಟ್ಟು ಹೋಗು.”

“ಅದು ಕೊಟ್ರೆ ನಾನೇನು ಅಳೀಲಿ? ನಿನ್ನ ಬೆರಳು ನೋಡು, ಬೆಂಡೆಕಾಯಿ ಆಗಿದೆ!”

ಇಬ್ಬರೂ ನಕ್ಕರು.

ಹಿತ್ತಿಲ ಕೋಣೆಯ ಬಾಗಿಲಿಗೂ ಪಟ್ಟಿ ಹೊಡೆಯಲು ಅಣ್ಣ ಎದ್ದಾಗ ಅವಳು ಅಡ್ಡ ನಿಂತಳು. ಗಾಳಿ ನುಗ್ಗಿದರೆ ನುಗ್ಗಲಿ ಎಂದಳು. ಆಮೇಲೆ ಡ್ರೈವರ್ ಗೊಣಗಿಕೊಂಡೇ ಸಂದಿಗೆ ಹಳೆಯ ಬಟ್ಟೆ ತುರುಕಿದ. ಬೆಳಗಾಗುತ್ತಲೇ ಅವಳು ಅದನ್ನು ಕಿತ್ತು ಒಗೆಯಲು ಹಾಕಿದಳು.

ಬಂದರಿನವರೆಗೆ ಡ್ರೈವರ್ ತಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದ. ಪೆಟ್ಟಿಗೆಯಲ್ಲಿ ಉಳಿ, ಹತ್ತರಿ, ಗರಗಸ, ಮೇಲೆ ತಂಗಿ ಹೊಲಿಸಿಕೊಟ್ಟ ಎರಡು ಅಂಗಿ. ಅಣ್ಣ ಹೊರಟದ್ದು ಗುರುವಾರ, ಚಳಿಗಾಲ ಇನ್ನೂ ಅರ್ಧ ಉಳಿದಿತ್ತು.