ಕತ್ತರಿಸಿದ ಒಂದು ಮಾತು

"ನಿಮ್ಮಣ್ಣ ಈಗ ಕೆಮ್ಮಬೇಕಾದ್ರೂ ಟೋಕನ್ ತಗೋಬೇಕು ನೋಡು," ಎಂದರು ಅತ್ತಿಗೆ, ಕೌಂಟರಿನ ಮೇಲೆ ಗುಡ್ಡೆ ಬಿದ್ದಿದ್ದ ಚೀಲಗಳ ಹಿಂದಿನಿಂದ. "ಎಲ್ಲಾ ನಿನ್ನ ವೀಡಿಯೋ ಮಹಿಮೆ. ಮೂಲೇಲಿ ಕೂತು ಬೆರಳಾಡಿಸ್ತಾಳೆ ಅಂತ ಹಂಗಿಸ್ತಿದ್ದೆ, ಆ ಮಾತು ವಾಪಸ್ ತಗೊಂಡೆ. ಸಾಕಾ?"

"ಸಾಕು ಅತ್ತಿಗೆ," ಎಂದಳು ಗುಬ್ಬಿ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ಗುಬ್ಬಿ ಎಂದರೆ ಮೂವತ್ತಾರು ವರ್ಷದ ಹೆಂಗಸು. ಹುಟ್ಟಿದಾಗ ಅಂಗೈಯಲ್ಲಿ ಹಿಡಿಸುವಷ್ಟಿದ್ದಳಂತೆ. ಆಮೇಲೆ ಬಾಗಿಲಿನಷ್ಟು ಎತ್ತರ ಬೆಳೆದರೂ ಮನೆಯವರು ಹೆಸರು ಬದಲಿಸುವ ಗೋಜಿಗೆ ಹೋಗಲಿಲ್ಲ. ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿಯೊಂದರಲ್ಲಿ ಬೆರಳಚ್ಚಿನ ಕೆಲಸ ಮಾಡಿಕೊಂಡಿದ್ದಳು. ಕಂಪನಿ ಬಾಗಿಲು ಹಾಕಿತು. ಮನೆಯಲ್ಲಿ ಕೂತು, ಪುಕ್ಕಟೆ ಪಾಠ ಹೇಳಿಕೊಡುವ ವೀಡಿಯೋಗಳನ್ನು ನೋಡಿ ನೋಡಿ, ವೆಬ್‌ಸೈಟ್ ಕಟ್ಟುವುದನ್ನು ಕಲಿತಳು. ಕಲಿತ ವಿದ್ಯೆಯನ್ನು ಎಲ್ಲಾದರೂ ಪ್ರಯೋಗ ಮಾಡಬೇಕಲ್ಲ? ಕೈಗೆ ಸಿಕ್ಕಿದ್ದು ಅಣ್ಣನ ಅಂಗಡಿ. ಚೀಲ, ಸೂಟ್‌ಕೇಸು, ಜಿಪ್ಪು ರಿಪೇರಿ. ಒಂದು ಮಂಚ ಹಾಕಿದರೆ ಮುಗಿದುಹೋಗುವಷ್ಟು ಅಗಲದ ಅಂಗಡಿ.

ಮೊದಲ ಎರಡು ತಿಂಗಳು ಅಂಗಡಿಯ ಹೆಸರಲ್ಲಿ ಸೋಶಿಯಲ್ ಮೀಡಿಯಾದಲ್ಲಿ ಹಾಕಿದ್ದೆಲ್ಲ ನೀರಲ್ಲಿ ಹೋಮ. ಒಂದು ಚಿತ್ರಕ್ಕೆ ಹದಿನಾರು ಲೈಕು ಬಂದರೆ ಅದರಲ್ಲಿ ಹದಿಮೂರು ಅತ್ತಿಗೆಯ ತವರಿನವರದು. ಹನ್ನೆರಡು ದಿನದ ಹಿಂದೆ ಹಾಕಿದ ಮೂವತ್ತು ಸೆಕೆಂಡಿನ ಒಂದು ವೀಡಿಯೋ ಮಾತ್ರ ಅದೇನಾಯಿತೋ, ಎರಡು ಲಕ್ಷ ಜನ ನೋಡಿಬಿಟ್ಟರು.

"ಆ 'ನಮ್ಮ ಬಗ್ಗೆ' ಪುಟ ಇವತ್ತಾದ್ರೂ ಮುಗಿಸ್ತೀಯಾ?" ಅಣ್ಣ ಹೊಲಿಗೆ ಯಂತ್ರದ ಸದ್ದಿನ ಮೇಲೆ ಕೂಗಿದ. "ಬಂದೋರೆಲ್ಲ ವೆಬ್‌ಸೈಟ್ ಕೇಳ್ತಾರೆ. ನಾಳೆ ನಾಳೆ ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೀತು."

"ಬರೀತಿದ್ದೀನಿ," ಎಂದಳು. ಪುಟ ಮೂರು ದಿನದಿಂದ ಖಾಲಿ ಇತ್ತು.

ಸರದಿಯಲ್ಲಿದ್ದ ದಪ್ಪ ಮೀಸೆಯ ಗಿರಾಕಿಯೊಬ್ಬ ರಸ್ತೆಯಾಚೆ ಬೆರಳು ತೋರಿಸಿ ನಕ್ಕ. "ಆ ವೀಡಿಯೋದಲ್ಲಿ ಹರಿದು ನೇತಾಡ್ತಿತ್ತಲ್ಲ, ಅದು ಎದುರಿನ ಮುದುಕನ ಕೆಲಸ ತಾನೇ? ನಾನಂತೂ ನೋಡಿದ ತಕ್ಷಣ ಕಂಡುಹಿಡಿದೆ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗುಬ್ಬಿ ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದಳು. ಅಣ್ಣ ಏನೂ ಕೇಳಿಸದವನಂತೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿದ.

ಎದುರಿನವರನ್ನು ಆ ಬೀದಿಯೆಲ್ಲ ಕೆಂಪುಗಂಟಿನಜ್ಜ ಎನ್ನುತ್ತಿತ್ತು. ಚೀಲ ಯಾವ ಬಣ್ಣದ್ದಾದರೂ ಇರಲಿ, ಹೊಲಿಗೆ ಮುಗಿಸುವಾಗ ಕೊನೆಯ ಮೂರು ಗಂಟನ್ನು ಅಜ್ಜ ಕೆಂಪು ದಾರದಲ್ಲೇ ಹಾಕುತ್ತಿದ್ದರು. ಬಿಚ್ಚಿದರೆ ನನ್ನ ಹತ್ತಿರ ತನ್ನಿ, ದುಡ್ಡಿಲ್ಲದೆ ಹೊಲಿದುಕೊಡ್ತೀನಿ, ನನ್ನದು ಅಂತ ಗುರುತಿರಲಿ, ಎನ್ನುವುದು ಅವರ ಮಾತು. ಆ ಬೀದಿಯಲ್ಲಿ ಕೆಂಪು ಗಂಟಿಲ್ಲದ ಚೀಲ ಹುಡುಕುವುದೇ ಕಷ್ಟ. ಅಣ್ಣ ಕೆಲಸ ಕಲಿತದ್ದೂ ಅಲ್ಲೇ, ಎಂಟು ವರ್ಷ, ಅವರ ಪಕ್ಕದ ಸ್ಟೂಲಿನ ಮೇಲೆ.

ವೀಡಿಯೋ ತೆಗೆದ ದಿನ ಅಜ್ಜ ಕಣ್ಣಾಸ್ಪತ್ರೆಗೆ ಹೋಗಿ ಅಂಗಡಿ ಮುಚ್ಚಿತ್ತು. ನಿವೃತ್ತ ನರ್ಸ್ ಒಬ್ಬರು ಮುಚ್ಚಿದ ಬಾಗಿಲು ನೋಡಿ ಇತ್ತ ಬಂದು, ಹಳೇ ತೊಗಲಿನ ಚೀಲವೊಂದನ್ನು ಕೌಂಟರಿನ ಮೇಲಿಟ್ಟಿದ್ದರು. ಹಿಡಿಕೆ ಕಿತ್ತು ನೇತಾಡುತ್ತಿತ್ತು. ಗುಬ್ಬಿ ಫೋನು ಹಿಡಿದು ನಿಂತಿದ್ದಳು. ನರ್ಸಮ್ಮ ಕ್ಯಾಮೆರಾ ನೋಡಿ ಕೂದಲು ಸರಿಮಾಡಿಕೊಂಡು ಹೇಳಿದ್ದರು: "ಇದನ್ನ ಹದಿನೇಳು ವರ್ಷದ ಹಿಂದೆ ಎದುರಿನ ಅಜ್ಜ ಹೊಲಿದುಕೊಟ್ಟಿದ್ದು. ಪುಣ್ಯಾತ್ಮ! ನೋಡಿ, ಅವರು ಹಾಕಿದ ಗಂಟು ಇನ್ನೂ ಬಿಚ್ಚಿಲ್ಲ, ಸುತ್ತಲಿನ ತೊಗಲೇ ಹರಿದುಹೋಯ್ತು."

ಈ ಮಾತಿಗೆ ಹನ್ನೆರಡು ಸೆಕೆಂಡು ಹಿಡಿಯಿತು. ಮೂವತ್ತು ಸೆಕೆಂಡು ದಾಟಿದರೆ ಜನ ಮುಂದಕ್ಕೆ ಸರಿಸಿಬಿಡುತ್ತಾರೆ ಎಂದು ಗುಬ್ಬಿ ಕಲಿತ ಪಾಠದಲ್ಲಿತ್ತು. ಕತ್ತರಿಸಿದಳು. ಉಳಿದದ್ದು ನೇತಾಡುವ ಹಿಡಿಕೆ, ಅದರ ತುದಿಯಲ್ಲಿ ಕೆಂಪು ಗಂಟು, ಆಮೇಲೆ ಅಣ್ಣನ ಕೈ, ಆಮೇಲೆ ಮಿರಮಿರ ಮಿಂಚುವ ಹೊಸ ಹಿಡಿಕೆ. ಮೇಲೆ ದೊಡ್ಡ ಅಕ್ಷರದಲ್ಲಿ, "ಇಂಥ ಹೊಲಿಗೆ ನಂಬಿ ಮೋಸ ಹೋಗಿದ್ದೀರಾ? ನಮ್ಮ ಹತ್ತಿರ ಬನ್ನಿ."

ಬರೆಯುವಾಗ ಒಂದು ಗಳಿಗೆ ಬೆರಳು ನಿಂತಿತ್ತು. ಅಜ್ಜನ ಹೆಸರೇನೂ ಹೇಳಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡು ಗುಂಡಿ ಒತ್ತಿದ್ದಳು. ಕೆಂಪು ಗಂಟೇ ಅವರ ಹೆಸರು ಎನ್ನುವುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಮಧ್ಯಾಹ್ನ ಚಹಾ ತರಲು ರಸ್ತೆ ದಾಟಿದಳು. ಚಹಾದ ಗಾಡಿ ಇರುವುದು ಅಜ್ಜನ ಅಂಗಡಿಗೆ ಅಂಟಿಕೊಂಡೇ. ಹನ್ನೆರಡು ದಿನದಿಂದ ಆಚೆ ತುದಿಯ ಗಾಡಿಗೆ ಸುತ್ತಿ ಹೋಗುತ್ತಿದ್ದವಳು, ಇವತ್ತು ಅದು ಬಂದಿರಲಿಲ್ಲವೆಂದು ಇಲ್ಲಿಗೆ ಬಂದಳು. ಅಜ್ಜ ಒಬ್ಬರೇ ಕೂತು ದಾರದ ಉಂಡೆಗಳನ್ನು ದೊಡ್ಡದು, ಸಣ್ಣದು ಎಂದು ಜೋಡಿಸುತ್ತಿದ್ದರು. ಜೋಡಿಸಿದ್ದನ್ನು ಕೆಡವಿ ಮತ್ತೆ ಜೋಡಿಸಿದರು.

ಅಷ್ಟರಲ್ಲಿ ಕೊರಳಲ್ಲಿ ಆಫೀಸಿನ ಗುರುತುಚೀಟಿ ನೇತುಹಾಕಿಕೊಂಡ ಯುವತಿಯೊಬ್ಬಳು ಬಂದು ಚೀಲ ಚಾಚಿದಳು.

"ಏನಾಗಿದೆಯಮ್ಮ? ಬಿಚ್ಚಿತಾ?"

"ಇಲ್ಲ ಅಜ್ಜ, ಹೊಲಿಗೆ ಚೆನ್ನಾಗೇ ಇದೆ." ಹುಡುಗಿ ದನಿ ತಗ್ಗಿಸಿದಳು. "ಈ ಕೆಂಪು ಗಂಟು ಮಾತ್ರ ತೆಗೆದು ಕಪ್ಪು ದಾರ ಹಾಕಿಕೊಡ್ತೀರಾ? ಬೇಜಾರು ಮಾಡ್ಕೋಬೇಡಿ. ಆಫೀಸಲ್ಲಿ ನೋಡಿ ನಗ್ತಾರೆ."

ಅಜ್ಜ ಕನ್ನಡಕ ಮೇಲೇರಿಸಿ ಅವಳ ಮುಖ ನೋಡಿದರು, ಚೀಲ ನೋಡಿದರು. "ಅದಕ್ಕೇನಂತೆ," ಎಂದರು. ಸೂಜಿಯ ಮೊನೆಯಿಂದ ಗಂಟನ್ನು ಒಂದೊಂದಾಗಿ ಬಿಚ್ಚತೊಡಗಿದರು. ಅವರು ಹಾಕಿದ ಗಂಟು ಅಷ್ಟು ಸುಲಭಕ್ಕೆ ಬಿಚ್ಚುವಂಥದ್ದಲ್ಲ. ಬಿಚ್ಚಲು ಅವರಿಗೇ ಹತ್ತು ನಿಮಿಷ ಹಿಡಿಯಿತು.

ಗುಬ್ಬಿಯ ಕೈಯಲ್ಲಿ ಮೂರು ಲೋಟ ಚಹಾ ಇತ್ತು. ಬೆರಳು ಸುಡುತ್ತಿದ್ದರೂ ಗಂಟು ಬಿಚ್ಚುವುದನ್ನೇ ನೋಡುತ್ತ ನಿಂತಳು.

"ಏನಮ್ಮ ಗುಬ್ಬಿ," ಅಜ್ಜ ತಲೆ ಎತ್ತದೆ ಕೇಳಿದರು, "ನಿಮ್ಮಣ್ಣನಿಗೆ ಊಟಕ್ಕೂ ಪುರುಸೊತ್ತಿಲ್ವಂತೆ? ಹೊಟ್ಟೆ ಕಾಯಿಸಬೇಡ ಅಂತ ಹೇಳು. ಬಗ್ಗಿ ಕೂರೋ ಕೆಲಸಕ್ಕೆ ಅದು ಒಳ್ಳೇದಲ್ಲ."

"ಹೇಳ್ತೀನಿ ಅಜ್ಜ," ಎಂದು ಅವಳು ಓಡಿದಂತೆ ರಸ್ತೆ ದಾಟಿದಳು.

ಊಟದ ಹೊತ್ತಿಗೆ ಅಣ್ಣ ಶಟರ್ ಅರ್ಧ ಇಳಿಸಿದ. ಅತ್ತಿಗೆ ಡಬ್ಬಿ ಬಿಚ್ಚಿದರು. ಗುಬ್ಬಿ ಡಬ್ಬಿ ಮುಟ್ಟದೆ ಹೇಳಿದಳು, "ಅಣ್ಣ, ಆ ವೀಡಿಯೋದಲ್ಲಿ ನಾನು ನರ್ಸಮ್ಮನ ಮಾತು ಕತ್ತರಿಸಿದ್ದೀನಿ."

"ಗೊತ್ತು."

"ಏನು ಗೊತ್ತು?"

"ಅವರು ಹೇಳುವಾಗ ನಾನು ಇಲ್ಲೇ ಇದ್ದೆನಲ್ಲ, ನನಗೇನು ಕಿವುಡಾ?" ಅಣ್ಣ ತುತ್ತನ್ನು ಡಬ್ಬಿಯಲ್ಲೇ ಕಲಸುತ್ತ ಕೂತ. "ಆ ಚೀಲ ಮುಟ್ಟಿದ ತಕ್ಷಣ ಕೈಗೆ ಗೊತ್ತಾಯ್ತು. ಆ ಗಂಟು ಹಾಕೋದನ್ನ ನನಗೂ ಅವರೇ ಕಲಿಸಿದ್ದು. ನೂರು ಸಲ ಬಿಚ್ಚಿಸಿ ನೂರು ಸಲ ಹಾಕಿಸಿದ್ರು. ನೀನು ವೀಡಿಯೋ ಹಾಕಿದ ಮೇಲೆ ನೋಡಿದೆ. ತೆಗಿಸೋಣ ಅಂತಲೇ ಬಂದೆ. ಬಂದ್ರೆ ಬಾಗಿಲಲ್ಲಿ ಇಪ್ಪತ್ತು ಜನ. ಸರಿ, ಈ ವಾರ ಇರಲಿ ಅಂದ್ಕೊಂಡೆ. ಆಮೇಲೆ ಈ ತಿಂಗಳು ಇರಲಿ ಅಂದ್ಕೊಂಡೆ."

"ಗುರುವಿಗೇ ತಿರುಮಂತ್ರ," ಎಂದರು ಅತ್ತಿಗೆ. ಇಬ್ಬರೂ ಅವರತ್ತ ನೋಡಿದರು. "ನನ್ನನ್ನೇನು ನೋಡ್ತೀರಿ? ನನಗೆ ಯಾರಾದ್ರೂ ಹೇಳಿದ್ರಾ? ಅಣ್ಣ ತಂಗಿ ಇಬ್ಬರೂ ಹೊಟ್ಟೇಲಿ ಬಚ್ಚಿಟ್ಕೊಂಡು, ನನ್ನ ಕೈಲಿ ಆ ವೀಡಿಯೋನ ತವರಿಗೆಲ್ಲ ಕಳಿಸಿದ್ರಿ! ನಾನು ದಿನಾ ಬೆಳಿಗ್ಗೆ ಆ ಮನುಷ್ಯನಿಗೆ ಚೆನ್ನಾಗಿದ್ದೀರಾ ಅಂತ ಬೇರೆ ಕೇಳ್ತೀನಿ."

ಯಾರಿಗೂ ಊಟ ಸೇರಲಿಲ್ಲ. ಅಣ್ಣನಿಗೂ ಗೊತ್ತಿತ್ತು ಎಂದ ಮೇಲೆ ತನ್ನ ಭಾರ ಅರ್ಧವಾಗಬೇಕಿತ್ತು ಎಂದು ಗುಬ್ಬಿಗೆ ಅನ್ನಿಸಿತು. ಆಗಲಿಲ್ಲ. ಅವನದೂ ಸೇರಿ ಎರಡರಷ್ಟಾಯಿತು.

"ತೆಗೆದುಬಿಡ್ತೀನಿ," ಎಂದಳು. "ಪೂರ್ತಿ ವೀಡಿಯೋ ಇದೆ, ಅದನ್ನ ಹಾಕ್ತೀನಿ. ಕತ್ತರಿಸಿದ್ದು ನಾನೇ ಅಂತಲೂ ಬರೀತೀನಿ."

"ಗಿರಾಕಿ ಹೋಗ್ತಾರೆ," ಎಂದ ಅಣ್ಣ. ಡಬ್ಬಿಯ ಮುಚ್ಚಳ ಹಾಕಿ, "ಹೋಗಲಿ ಬಿಡು, ಹಾಕು," ಎಂದ.

ಗುಬ್ಬಿ ಅಲ್ಲೇ ಹಳೆಯದನ್ನು ಅಳಿಸಿದಳು. ಒಂದು ನಿಮಿಷ ನಲವತ್ತು ಸೆಕೆಂಡಿನ ಪೂರ್ತಿ ವೀಡಿಯೋ ಹಾಕಿದಳು. ಖಾಲಿ ಇದ್ದ 'ನಮ್ಮ ಬಗ್ಗೆ' ಪುಟ ಹತ್ತು ನಿಮಿಷದಲ್ಲಿ ತುಂಬಿತು. ಮೊದಲ ಸಾಲು ಹೀಗಿತ್ತು: ಈ ಅಂಗಡಿಯ ಕೆಲಸ ಕಲಿತದ್ದು ರಸ್ತೆಯ ಆಚೆ ಬದಿಯಲ್ಲಿ, ಈಗಲೂ ತೆರೆದಿರುವ ಅಂಗಡಿಯಲ್ಲಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾರನೆಯ ಬೆಳಿಗ್ಗೆಯ ಹೊತ್ತಿಗೆ ಪೂರ್ತಿ ವೀಡಿಯೋ ನೋಡಿದವರು ಮುನ್ನೂರ ಹನ್ನೆರಡು ಮಂದಿ. ಒಬ್ಬರು, "ತುಂಬಾ ಉದ್ದ ಆಯ್ತು" ಎಂದು ಬರೆದಿದ್ದರು. ಇನ್ನೊಬ್ಬರು, "ಹಳೇದೇ ಚೆನ್ನಾಗಿತ್ತು" ಎಂದಿದ್ದರು. ಹಳೆಯದನ್ನು ಅವಳು ಅಳಿಸಿದ್ದೇನೋ ನಿಜ. ಅಷ್ಟರಲ್ಲಿ ಯಾರು ಯಾರೋ ಅದನ್ನು ಇಳಿಸಿಕೊಂಡು ತಮ್ಮ ತಮ್ಮ ಪುಟಗಳಲ್ಲಿ ಹಾಕಿಕೊಂಡಿದ್ದರು. ಅಲ್ಲೆಲ್ಲ ಆ ಹಿಡಿಕೆ ಇನ್ನೂ ನೇತಾಡುತ್ತಲೇ ಇತ್ತು. ಅದಕ್ಕೆ ಅವಳು ಮಾಡುವಂಥದ್ದು ಏನೂ ಇರಲಿಲ್ಲ.

ಹತ್ತು ಗಂಟೆಗೆ ಫೋನು ಹಿಡಿದು ಅಜ್ಜನ ಅಂಗಡಿಗೆ ಹೋದಳು. "ನಾನೂ ಬರ್ತೀನಿ," ಎಂದು ಅಣ್ಣ ಎದ್ದಿದ್ದ. "ಮೊದಲು ನಾನು ಹೋಗ್ತೀನಿ, ನೀನು ಆಮೇಲೆ ಬಾ," ಎಂದು ತಡೆದಿದ್ದಳು.

ಅಜ್ಜ ಫೋನನ್ನು ಭೂತಗನ್ನಡಿಯ ಕೆಳಗಿಟ್ಟುಕೊಂಡು ಪೂರ್ತಿ ನೋಡಿದರು. ನರ್ಸಮ್ಮನ ಮಾತು ಬಂದಾಗ ತುಟಿ ಅಲುಗಿತು.

"ಹದಿನೇಳಲ್ಲ, ಹದಿನೆಂಟು ವರ್ಷ," ಎಂದರು. "ಆಕೆಗೆ ಮರೆತಿದೆ."

"ಅಜ್ಜ, ತಪ್ಪಾಯ್ತು. ಬೇಕಂತಲೇ ಕತ್ತರಿಸಿದ್ದು ನಾನು. ಅಣ್ಣ ಅಲ್ಲ."

"ವೀಡಿಯೋ ವಿಷಯ ಇರಲಿ." ಅಜ್ಜ ಫೋನನ್ನು ವಾಪಸ್ ಕೊಟ್ಟರು. "ನನ್ನ ಮಗಳು ಆ ಹಳೇದರ ಕೆಳಗೆ ಜನ ಬರೆದದ್ದನ್ನೆಲ್ಲ ಓದಿ ಹೇಳಿದ್ಲು. ಓದಬೇಡ ಅಂದ್ರೂ ಕೇಳಲಿಲ್ಲ, ಸಿಟ್ಟು ಅವಳಿಗೆ. ಕೈ ನಡುಗೋ ವಯಸ್ಸಲ್ಲಿ ಮನೇಲಿ ಕೂರಬಾರದಾ ಅಂತ ಯಾರೋ ಬರೆದಿದ್ದನಂತೆ. ಅದರ ಕೆಳಗೆ ನಿಮ್ಮ ಅಂಗಡಿಯಿಂದ ಒಂದು ನಗೋ ಮುಖ ಇತ್ತಂತೆ. ಅದನ್ನ ಹಾಕಿದ್ದು ಯಾರು?"

ಬಂದ ಪ್ರತಿ ಮಾತಿಗೂ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು ಎನ್ನುವುದೂ ಅವಳು ಕಲಿತ ಪಾಠದಲ್ಲೇ ಇತ್ತು.

"ನಾನೇ," ಎಂದಳು. "ಎಲ್ಲರಿಗೂ ಹಾಕ್ತಾ ಹೋಗ್ತೀನಿ ಅಜ್ಜ. ಓದದೆ ಹಾಕ್ತೀನಿ."

"ಓದದೇನಾ?"

ಕಳ್ಳನಿಗೊಂದು ಪಿಳ್ಳೆ ನೆವ. ಆ ನೆವ ನಾಲಿಗೆಯ ತುದಿಯಲ್ಲೇ ಇತ್ತು, ಹೂಂ ಎಂದರೆ ಮುಗಿಯುತ್ತಿತ್ತು. ಅಜ್ಜ ಕಾಯುತ್ತಿದ್ದರು.

"ಇಲ್ಲ," ಎಂದಳು. "ಅದನ್ನ ಓದಿದ್ದೆ. ಓದಿಯೇ ಹಾಕಿದೆ."

ಅಜ್ಜ ಮೊಣಕಾಲಿನ ಮೇಲಿದ್ದ ಬಟ್ಟೆಯ ಚೂರನ್ನು ಕೊಡವಿ ಮಡಚಿದರು.

"ಹೂಂ," ಎಂದರು ಕೊನೆಗೆ. "ಇದನ್ನ ಕೇಳೋಕೆ ಹದಿಮೂರು ದಿನ ಆಯ್ತು ನೋಡು ನನಗೆ."

ಪರವಾಗಿಲ್ಲ ಎನ್ನುತ್ತಾರೇನೋ ಎಂದು ಗುಬ್ಬಿ ನಿಂತಳು. ಅವರು ಅನ್ನಲಿಲ್ಲ.

ಆಗ ಒಬ್ಬ ಪ್ರಯಾಣಿಕ ಏದುಸಿರು ಬಿಡುತ್ತ ಬಂದು ದೊಡ್ಡ ಸೂಟ್‌ಕೇಸೊಂದನ್ನು ಅಂಗಡಿಯ ಮೆಟ್ಟಿಲಿಗೆ ಒರಗಿಸಿದ. ಒಂದು ಚಕ್ರ ಮುರಿದು ಹೋಗಿತ್ತು. ಹನ್ನೆರಡೂವರೆಗೆ ರೈಲು, ಅಷ್ಟರೊಳಗೆ ಆಗುತ್ತಾ, ಎಂದ.

"ಚಕ್ರದ ಕೆಲಸಕ್ಕೆ ನನ್ನ ಹತ್ತಿರ ಸಾಮಾನಿಲ್ಲ," ಎಂದರು ಅಜ್ಜ. "ಎದುರಿಗೆ ಹೋಗಿ. ಅವನು ಚೆನ್ನಾಗಿ ಮಾಡ್ತಾನೆ." ಆಮೇಲೆ ಗುಬ್ಬಿಯ ಕಡೆ ತಿರುಗದೆಯೇ, "ತೋರಿಸಿ ಬಾ ಹೋಗು, ಅವರಿಗೆ ರೈಲಿದೆ," ಎಂದರು.

ಗುಬ್ಬಿ ಸೂಟ್‌ಕೇಸಿನ ಹಿಡಿಕೆಗೆ ಕೈ ಹಾಕಿದಳು. ಎಳೆದರೆ ಮುರಿದ ಚಕ್ರ ಟಾರಿಗೆ ಉಜ್ಜಿ ಬೀದಿಯೆಲ್ಲ ಕಿರ್ರೆನ್ನುತ್ತಿತ್ತು. ಎರಡೂ ಕೈಯಿಂದ ಅದನ್ನು ಎತ್ತಿ, ಎದೆಗೊತ್ತಿಕೊಂಡು, ಬರುತ್ತಿದ್ದ ಬಸ್ಸಿಗೆ ನಿಂತು ದಾರಿ ಬಿಟ್ಟು, ರಸ್ತೆ ದಾಟಿದಳು.