ಮೇಲ್ಮನೆಯ ಓಟು

ಆ ಬೀದಿಯಲ್ಲಿ ರಾಜ್ಯದ ಮೇಲ್ಮನೆ ಚುನಾವಣೆಗೆ ಓಟಿದ್ದ ಹೆಂಗಸೆಂದರೆ ದೊಡ್ಡಮ್ಮ ಒಬ್ಬರೇ. ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು, ತಮ್ಮ ಸಂಬಳದಲ್ಲೇ ಎರಡಂತಸ್ತಿನ ಮನೆ ಕಟ್ಟಿಸಿದವರು. ಕೆಳಮನೆಗೆ ಎಲ್ಲರೂ ಓಟು ಹಾಕುತ್ತಿದ್ದರು. ಆದರೆ ಆ ರಾಜ್ಯದ ಕಾನೂನಿನಲ್ಲಿ ಮೇಲ್ಮನೆಗೆ ಸ್ವಂತ ಮನೆಯಿದ್ದವರಿಗಷ್ಟೇ ಹಕ್ಕು. ಪ್ರತಿ ಸಲ ಚುನಾವಣೆಗೆ ನಿಲ್ಲುವ ವಕೀಲರು ಕೆಳಗಿನ ಬಾಡಿಗೆಯವರ ಬಾಗಿಲು ದಾಟಿ, ಸೀದಾ ಮೆಟ್ಟಿಲು ಹತ್ತಿ, ದೊಡ್ಡಮ್ಮನ ಕೈಯ ಚಹಾ ಕುಡಿದು ಹೋಗುತ್ತಿದ್ದರು. ಕೆಳಗೆ ಹೊಲಿಗೆ ಯಂತ್ರದ ಮುಂದೆ ಕೂತ ಟೈಲರಮ್ಮನಿಗೆ ಅವರ ಬೂಟಿನ ಸದ್ದಷ್ಟೇ ಕೇಳುತ್ತಿತ್ತು.

ಈ ವರ್ಷ ಕಾನೂನು ಬದಲಾಯಿತು. ಮನೆ ಇರಲಿ ಬಿಡಲಿ, ವಯಸ್ಸಿಗೆ ಬಂದವರಿಗೆಲ್ಲ ಓಟು.

"ಮೇಲ್ಮನೆ ಅಂದ್ರೆ ದೊಡ್ಡಮ್ಮನ ಮನೆ ಅಲ್ವೇನೇ? ಅಲ್ಲಿಗ್ಯಾಕೆ ಚುನಾವಣೆ?" ಎಂದು ಟೈಲರಮ್ಮನ ಅತ್ತೆ ಕೇಳಿದಾಗ, ಊಟ ಮಾಡುತ್ತಿದ್ದ ಮಗನಿಗೆ ನಗು ಬಂದು ತುತ್ತು ನೆತ್ತಿಗೇರಿತು. ಟೈಲರಮ್ಮನ ಗಂಡನಾದ ಅವನು ಬಸ್ ಡ್ರೈವರ್.

ವಕೀಲರು ಬಂದ ದಿನ ಮೊದಲ ಬಾರಿಗೆ ಕೆಳಗಿನ ಬಾಗಿಲು ತಟ್ಟಿದರು. ಟೈಲರಮ್ಮನಿಗೆ ಕೈ ಮುಗಿದು, ಅತ್ತೆಯ ಆರೋಗ್ಯ ವಿಚಾರಿಸಿದರು. ಹೊರಟಾಗ ಜೊತೆಯವನು ಮೇಲಕ್ಕೆ ಕೈ ತೋರಿಸಿದ.

"ಮೇಲೆ ಇರೋದು ಒಂದೇ ಓಟು ತಾನೆ? ಇನ್ನೊಮ್ಮೆ ನೋಡೋಣ ಬಾ," ಎಂದರು ವಕೀಲರು.

ಮೆಟ್ಟಿಲ ತುದಿಯಲ್ಲಿ ಇಸ್ತ್ರಿ ಬಟ್ಟೆ ತೊಟ್ಟು ಕಾಯುತ್ತಿದ್ದ ದೊಡ್ಡಮ್ಮ ಅದನ್ನು ಕೇಳಿಸಿಕೊಂಡರು. ಟೈಲರಮ್ಮ ತಲೆಯೆತ್ತುವಷ್ಟರಲ್ಲಿ ಮೇಲಿನ ಬಾಗಿಲು ಮುಚ್ಚಿತ್ತು. ಆಮೇಲೆ ದೊಡ್ಡಮ್ಮ ಕೆಳಗಿನವರ ಜೊತೆ ಮಾತು ಬಿಟ್ಟರು.

ಮತದಾನದ ಬೆಳಿಗ್ಗೆ ಟೈಲರಮ್ಮ ಮನಸ್ಸು ತಡೆಯದೆ ಮೇಲೆ ಹೋದಳು.

"ಹೊರಡಿ ದೊಡ್ಡಮ್ಮ, ಒಟ್ಟಿಗೆ ಹೋಗೋಣ."

"ನಾನ್ಯಾಕೆ? ನಿಮ್ಮನೇಲಿ ಮೂರಿವೆ. ಇಲ್ಲಿ ಒಂದೇ."

"ಅವರು ಹಾಗಂದಿದ್ದು ನಂಗೂ ಚುಚ್ತು. ಆದ್ರೆ ಇಷ್ಟು ವರ್ಷ ನಮ್ಮ ಬಾಗಿಲ ಕಡೆ ತಿರುಗಿಯೂ ನೋಡ್ದೆ ಹೋಗ್ತಿದ್ರಲ್ಲ, ಆಗ್ಲೂ ಚುಚ್ತಿತ್ತು."

ದೊಡ್ಡಮ್ಮ ಅವಳನ್ನೇ ನೋಡಿದರು. "ಒಂದು ದಿನಾನೂ ಹೇಳ್ಲಿಲ್ವಲ್ಲೇ."

"ಹೇಳಿದ್ರೆ ಏನ್ಮಾಡ್ತಿದ್ರಿ?"

ದೊಡ್ಡಮ್ಮ ಯೋಚಿಸಿದರು. "ಏನೂ ಮಾಡ್ತಿರ್ಲಿಲ್ಲ," ಎಂದು ಒಪ್ಪಿಕೊಂಡರು. ಆಮೇಲೆ ಮಾತು ಬದಲಿಸಿದರು. "ನಿಮ್ಮತ್ತೆಗೆ ಈ ಓಟು ಹಾಕೋದು ಗೊತ್ತಾ? ಮುದ್ರೆ ಒತ್ತೋದಲ್ಲ, ನಂಬರ್ ಬರೀಬೇಕು. ಇಷ್ಟ ಇರೋರಿಗೆ ಒಂದು, ಅವರ ನಂತರದೋರಿಗೆ ಎರಡು. ಗೀಟು ಗೀಟು ಎಳೆದ್ರೆ ಓಟು ಕೆಟ್ಟುಹೋಗತ್ತೆ."

"ಅಯ್ಯೋ, ನಂಗೇ ಗೊತ್ತಿಲ್ಲ!"

"ಮತ್ತೆ ಇಲ್ಲೇ ಹರಟ್ತಾ ನಿಂತಿದ್ದೀಯಲ್ಲ. ನನ್ನ ಚಪ್ಪಲಿ ಎಲ್ಲಿದೆ ನೋಡು."

ಶಾಲೆಯ ಅಂಗಳದಲ್ಲಿ ಸಾಲು ಗೇಟಿನವರೆಗೂ ಬಂದಿತ್ತು. ಹಿಂದೆಲ್ಲ ದೊಡ್ಡಮ್ಮ ಹೀಗೆ ಹೋಗಿ ಹಾಗೆ ಬರುತ್ತಿದ್ದರು. ಮುಂದಿದ್ದ ದಪ್ಪನೆಯ ಬೇಕರಿಯವನು ಜಾಗ ಬಿಟ್ಟುಕೊಟ್ಟ.

"ನೀನು ಹುಟ್ಟೋವಾಗ ನಿಮ್ಮಮ್ಮನ್ನ ಬೆಳಗಾಗೋವರೆಗೂ ಗೋಳು ಹೊಯ್ಕೊಂಡೋನು. ಈಗೇನಪ್ಪಾ ಅವಸರ? ಸಾಲಲ್ಲೇ ಬರ್ತೀನಿ," ಎಂದರು ದೊಡ್ಡಮ್ಮ. ಸಾಲು ಗೊಳ್ಳೆಂದಿತು. ಅಲ್ಲಿದ್ದ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು. ಬಿಸಿಲೇರಿದಂತೆ ಅವರು ಟೈಲರಮ್ಮನ ಭುಜ ಹಿಡಿದು ನಿಂತರು, ಆದರೆ ಸಾಲು ಬಿಡಲಿಲ್ಲ.

ಓಟು ಹಾಕಿ ಬರುವಾಗ ದೊಡ್ಡಮ್ಮ ದನಿ ತಗ್ಗಿಸಿದರು. "ವಕೀಲರಿಗೆ ಈ ಸಲ ಎರಡನೇ ನಂಬರ್ ಕಣೆ."

ಟೈಲರಮ್ಮನ ಮುಖ ಕೆಂಪಾಯಿತು. "ನಾನು ಮೊದಲನೇದೇ ಕೊಟ್ಬಿಟ್ಟೆ ದೊಡ್ಡಮ್ಮ. ಮನೆ ಬಾಗಿಲಿಗೆ ಬಂದು ಕೈ ಮುಗಿದ್ರಲ್ಲ, ಮನಸ್ಸು ಕರಗೋಯ್ತು."

ಬೈಗುಳ ಬರುತ್ತದೆಂದು ಅವಳು ಕಾದಳು. ದೊಡ್ಡಮ್ಮ ನಡುರಸ್ತೆಯಲ್ಲೇ ನಿಂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನಾನೂ ಮೊದಲ ಸಲ ಅದಕ್ಕೇ ಕಣೆ ಕೊಟ್ಟಿದ್ದು."

ವಕೀಲರು ಗೆದ್ದರು. ಆ ಮನೆಯ ಕಡೆ ಮತ್ತೆ ಸುಳಿಯಲಿಲ್ಲ. ಯಾರಿಗೆ ಓಟು ಹಾಕಿದೆ ಎಂದು ಮಗ ಎಷ್ಟು ಪೀಡಿಸಿದರೂ ಅತ್ತೆ ಬಾಯಿ ಬಿಡಲಿಲ್ಲ. ದೊಡ್ಡಮ್ಮನಿಗೆ ಮಾತ್ರ ಹೇಳಿದಳಂತೆ.