ಗೌಡರ ಫೋನಿನಲ್ಲಿ ನಮ್ಮ ಮೈ

ಅಂದು ಬೆಳಗ್ಗೆ ಮೂಡಣ ಗಾಳಿಯ ಜೊತೆ ತುಂತುರು ಬಿದ್ದು, ತಾಯಲೂರಿನ ಕಡೆಯ ಬಂಡೆಗಳೆಲ್ಲ ಮೋಡದೊಳಗೆ ಮುಳುಗಿದ್ದವು. ಹಿಪ್ಪುನೇರಳೆ ಸೊಪ್ಪು ತೊಯ್ದಿತ್ತು. ಒದ್ದೆ ಸೊಪ್ಪು ತಿಂದರೆ ರೇಷ್ಮೆಹುಳುವಿಗೆ ಕಾಯಿಲೆ. ಅದಕ್ಕೇ ನಾವು ನಾಲ್ವರು ಹೆಂಗಸರು ಹುಳುಮನೆಯ ಜಗುಲಿಯ ಮೇಲೆ ಕೂತು ಒಂದೊಂದೇ ಕಡ್ಡಿಯನ್ನು ಹಳೇ ಸೀರೆಯಿಂದ ಒರೆಸುತ್ತಿದ್ದೆವು.

"ಲೇ ಭಾರತಿ, ಮೇಲಕ್ಕೇಳೇ."

ಹುಳುಮನೆಯ ಯಜಮಾನರು ಅಮರನಾಥ ಗೌಡರು. ಫೋನು ಹಿಡಿದು ಹೊಸಿಲ ಮೇಲೆ ನಿಂತಿದ್ದರು.

"ನೀನು ಹೊರಗಾಗಿ ಮೂರು ತಿಂಗ್ಳಾಯ್ತಲ್ಲೇ. ಗಂಡ ಸತ್ತು ಆರು ವರ್ಷ. ಯಾವನೇ ಅವನು?"

ಭಾರತಮ್ಮನ ಕೈಯಲ್ಲಿದ್ದ ಕಡ್ಡಿ ಹಾಗೇ ನಿಂತಿತು.

ಮುಟ್ಟಾದ ಹೆಂಗಸು ಹುಳುಮನೆಗೆ ಕಾಲಿಡಬಾರದು ಎಂಬುದು ನಮ್ಮ ಕಡೆ ಅಜ್ಜಿಯರ ಕಾಲದ ಕಟ್ಟು. ಮೊದಲೆಲ್ಲ "ಕಾಗೆ ಮುಟ್ಟೈತೆ" ಎಂದು ನಾವೇ ಮೆಲ್ಲಗೆ ಹೇಳಿ, ಆ ದಿನಗಳಲ್ಲಿ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದೆವು. ಹೇಳುವುದೂ ಬಿಡುವುದೂ ನಮ್ಮ ಬಾಯಿಗೆ ಸೇರಿದ್ದು. ಹೋದ ಸಲ ಗೂಡು ಕೆಟ್ಟಾಗ ಗೌಡರು, ಯಾವಳೋ ಮುಚ್ಚಿಟ್ಟುಕೊಂಡು ಒಳಗೆ ಬಂದಿದ್ದಾಳೆ ಎಂದರು. ಅಂದಿನಿಂದ ಹೊರಗಾದವಳು ಮುಟ್ಟಿದ ಸೊಪ್ಪೂ ಒಳಗೆ ಬರಬಾರದೆಂದು ಹೊಸ ಕಟ್ಟು ಮಾಡಿದರು. ಯುಗಾದಿಗೆ ನಮ್ಮನ್ನು ಕರೆಸಿ ಅರಿಶಿನ ಕುಂಕುಮದ ಜೊತೆ ಒಬ್ಬೊಬ್ಬರಿಗೆ ಒಂದೊಂದು ಫೋನು ಕೊಟ್ಟರು. ಅದರಲ್ಲಿ ಹೆಂಗಸರ ಆರೋಗ್ಯದ ಆ್ಯಪ್. ತಿಂಗಳು ತಿಂಗಳು ಹೊರಗಾದ ದಿನ ಕೆಂಪು ಚುಕ್ಕೆ ಒತ್ತಬೇಕು. ಒಲ್ಲೆ ಅಂದವಳಿಗೆ ಕೆಲಸವಿಲ್ಲ. ಗೌಡರ ತಮ್ಮನ ಮಗ ಚಂದ್ರಮೋಹನ್ ನಮ್ಮ ಬೆರಳು ಹಿಡಿದು ತಾನೇ ಎಲ್ಲ ಒತ್ತಿಸಿದ್ದ. ಅಂದು ಭಾರತಮ್ಮನಿಗೆ ಕುಂಕುಮ ಕೊಡಲಿಲ್ಲ, ಫೋನು ಕೊಟ್ಟರು.

"ವಯಸ್ಸಾದ್ರೆ ನಿಂತೋಗ್ತದೆ ಗೌಡ್ರೇ," ಎಂದಳು ಶಹರ್ ಬಾನು. "ನಿಮ್ಮಮ್ಮನ್ನೇ ಕೇಳಿ."

"ಬಾಯ್ಮುಚ್ಚೇ. ನಿಂದೂ ಐತೆ ಇದ್ರಲ್ಲಿ, ಓದ್ಲಾ?"

ಶಹರ್ ಬಾನು ತಲೆಯ ಮೇಲಿನ ಸೆರಗು ಎಳೆದುಕೊಂಡಳು. ಪದ್ಮಶ್ರೀ ನೆಲ ನೋಡಿದಳು. ಮೈಮೇಲೆ ಬಟ್ಟೆ ಇದೆಯೋ ಇಲ್ಲವೋ ಅನ್ನಿಸಿತು ನನಗೆ.

ಗೌಡರ ಪಕ್ಕದಲ್ಲಿ ನಿಂತಿದ್ದ ಚಂದ್ರಮೋಹನನನ್ನು ಕೇಳಿದೆ. "ನಮ್ದು ಇವ್ರ ಫೋನ್ಗೆ ಹೆಂಗ್ ಬಂತಪ್ಪಾ? ನಮ್ ಹತ್ರಾನೇ ಇರ್ತದೆ ಅಂದಿದ್ದೆಲ್ಲಾ ನೀನು."

"ಗೌಪ್ಯತಾ ನೀತಿ ಅಂತ ಒಂದ್ ಇರ್ತದಕ್ಕಾ," ಎಂದು ನಕ್ಕ. "ಕೆಲಸ ಕೊಟ್ಟೋರ್ಗೂ ಮಾಹಿತಿ ಹೋಗ್ತದೆ ಅಂತ ಅದ್ರಲ್ಲೇ ಬರ್ದವ್ರೆ, ಇಂಗ್ಲಿಷಲ್ಲಿ. ನೀವೇ ಒಪ್ಕೊಂಡಿದೀರಾ."

"ಒತ್ತಿಸಿದ್ದು ನೀನು."

"ಬೆರಳು ನಿಂದು."

ಗೌಡರು ಕ್ಯಾಕರಿಸಿ ಅಂಗಳಕ್ಕೆ ಉಗಿದರು. "ಮನುಷ್ಯರು ಸುಳ್ಳು ಹೇಳ್ತಾರೆ, ಫೋನ್ ಹೇಳಲ್ಲ. ಹೋಗೇ ಮುಂಡೆ. ಹೊಟ್ಟೇಲಿರೋದನ್ನ ಕಳ್ಕೊಂಡು ಬಾ. ಅಲ್ಲೀಗಂಟ ಈ ಕಡೆ ಕಾಲಿಡ್ಬೇಡ."

ಭಾರತಮ್ಮ ಒರೆಸಿಟ್ಟ ಕಡ್ಡಿಗಳನ್ನು ಪದ್ಮಶ್ರೀಯ ಕಡೆಗೆ ಸರಿಸಿ, ಎದ್ದು ಹೋದಳು.

ಸಂಜೆಯ ಹೊತ್ತಿಗೆ ಮಾತು ನಂಗಲಿ ಮುಟ್ಟಿತ್ತು. ಅಲ್ಲಿ ಲಾರಿ ಓಡಿಸುವ ಭಾರತಮ್ಮನ ಮಗ ಗೋಪಿ, ಗೌಡರು ಕೊಟ್ಟ ಅದೇ ಫೋನಿಗೆ ಮಾಡಿದ. ಅವಳ ಪಕ್ಕದಲ್ಲೇ ಇದ್ದೆವು, ನಮಗೂ ಕೇಳಿಸಿತು.

"ಅಮ್ಮಾ, ಚಂದ್ರಮೋಹನ್ ಹೇಳಿದ್ದು ನಿಜಾನಾ?"

"ಕೇಳ್ಬೇಕು ಅನ್ನಿಸ್ತಲ್ಲಾ ನಿಂಗೆ," ಎಂದಳು ಭಾರತಮ್ಮ. ಫೋನು ಇಟ್ಟುಬಿಟ್ಟಳು.

ಮಾರಮ್ಮನ ಗುಡಿಗೆ ಹೋಗಿ ದೀಪ ಹಚ್ಚಿದಳು. ಶಹರ್ ಬಾನು ಚಪ್ಪಲಿ ಬಿಟ್ಟು ಆಚೆ ಕಟ್ಟೆಯ ಮೇಲೆ ಕೂತಳು. ಮಾರಮ್ಮ ತಾಯಿಗೆ ನಮ್ಮೆಲ್ಲರ ಮೈಯೂ ಗೊತ್ತು. ಯಾರು ಹೆತ್ತರು, ಯಾರು ಕಳೆದುಕೊಂಡರು, ಯಾರಿಗೆ ಒಣಗಿತು, ಎಲ್ಲ ಗೊತ್ತು. ಒಬ್ಬರದನ್ನು ಇನ್ನೊಬ್ಬರಿಗೆ ಹೇಳಿದವಳಲ್ಲ.

"ಹುಳು ನಾಕ್ನೇ ಜ್ವರದಿಂದೆದ್ದ ದಿನ ನಾಕು ಜನಾನೂ ಕೆಂಪು ಚುಕ್ಕೆ ಒತ್ತಾಣ," ಎಂದಳು ಶಹರ್ ಬಾನು.

"ಅಯ್ಯೋ ದೇವುಡಾ, ಸುಳ್ಳಲ್ವೇನೇ? ಅದೂ ಅಮ್ಮನ ಎದುರ್ಗೆ!" ಪದ್ಮಶ್ರೀ ಕೆನ್ನೆ ಬಡಿದುಕೊಂಡಳು.

"ಅಲ್ಲಾಗೆ ಹೇಳ್ತಿಲ್ಲ, ಮಾರಮ್ಮಂಗೆ ಹೇಳ್ತಿಲ್ಲ. ಹೇಳ್ತಿರೋದು ಗೌಡಂಗೆ."

ಭಾರತಮ್ಮ ದೀಪದ ಬತ್ತಿ ಮೇಲೆತ್ತಿದಳು. "ನಂದೂ ಒತ್ತು," ಎಂದು ಫೋನನ್ನು ನನ್ನ ಕೈಗಿಟ್ಟಳು.

ರೇಷ್ಮೆಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ರಾಕ್ಷಸ ಹಸಿವು. ಒಂದು ಹೊತ್ತು ತಪ್ಪಿದರೂ ಗೂಡು ಕಟ್ಟುವಾಗ ನೂಲು ಸಾಲದು. ಗೌಡರ ಹುಳುಗಳು ಆ ಜ್ವರದಿಂದ ಎದ್ದ ಬೆಳಗ್ಗೆಯೇ ನಾವು ನಾಲ್ವರೂ, ಬರಬೇಡ ಅನ್ನಿಸಿಕೊಂಡ ಭಾರತಮ್ಮನೂ ಸೇರಿ, ಚುಕ್ಕೆ ಒತ್ತಿ ಹೋಗಿ ಅಂಗಳದ ಹೊಂಗೆ ಮರದ ಕೆಳಗೆ ಕೂತೆವು.

"ಏನ್ರೇ, ಮದುವೆಗ್ ಬಂದಿದೀರಾ? ಸೊಪ್ಪು ತನ್ರೇ!"

"ನಾವ್ ಹೊರಗಾಗಿದೀವಿ ಗೌಡ್ರೇ," ಎಂದಳು ಪದ್ಮಶ್ರೀ. "ಫೋನ್ ನೋಡಿ."

ಗೌಡರು ನೋಡಿದರು. ಬೆರಳಲ್ಲಿ ಮೇಲೆ ಕೆಳಗೆ ಉಜ್ಜಿದರು. "ನಾಕು ಜನಾನೂ? ಒಂದೇ ದಿನ? ಸುಳ್ಳು ಲೌಡೀರಾ!"

"ಫೋನ್ ಸುಳ್ಳು ಹೇಳಲ್ಲ ಅಂದಿದ್ದು ನೀವೇ," ಎಂದಳು ಭಾರತಮ್ಮ.

"ಎದ್ದು ಒಳಗ್ ಬನ್ರೇ ಸುಮ್ನೆ!"

ಗೌಡರ ತಾಯಿ ಒಳಗಿಂದ ಓಡಿ ಬಂದು ಬಾಗಿಲಿಗೆ ಅಡ್ಡ ಕೈ ಚಾಚಿದಳು. "ಬೇಡ ಕಣೋ, ನನ್ನಾಣೆ! ಹೋದ ಸಲ ಆಗಿದ್ದು ಸಾಲ್ದಾ? ಸೊಪ್ಪೂ ಮುಟ್ಟಿಸ್ಬೇಡ."

ಗೌಡರೂ ಚಂದ್ರಮೋಹನನೂ ತಾವೇ ಸೊಪ್ಪು ಕೊಯ್ದು ಹೊತ್ತರು. ಎರಡು ಜೊತೆ ಕೈಗೆ ಮುಗಿಯುವ ಕೆಲಸವಲ್ಲ ಅದು. ಬಿಸಿಲೇರಿತು. ಹುಳುಗಳು ಸೊಪ್ಪು ತಿನ್ನುವಾಗ ಹುಳುಮನೆಯೊಳಗೆ ಹೆಂಚಿನ ಮೇಲೆ ಮಳೆ ಬಿದ್ದಂಥ ಸದ್ದಿರುತ್ತದೆ. ಆ ಸದ್ದು ಒಂದು ಮೂಲೆಯಲ್ಲಿ ನಿಂತಿತು. ಆಮೇಲೆ ಇನ್ನೊಂದು ಮೂಲೆಯಲ್ಲಿ. ಹುಳುಗಳು ಬರೀ ಕಡ್ಡಿಯ ಮೇಲೆ ತಲೆಯೆತ್ತಿ ಅತ್ತಿತ್ತ ಹುಡುಕುತ್ತಿದ್ದುದು ಕಿಟಕಿಯ ಬಲೆಯಿಂದ ಕಾಣುತ್ತಿತ್ತು. ನಮ್ಮ ಕೈಯಿಂದಲೇ ಬೆಳೆದ ಜೀವಗಳು. ಪದ್ಮಶ್ರೀ ಮುಖ ತಿರುಗಿಸಿಕೊಂಡಳು. ಯಾರೂ ಏಳಲಿಲ್ಲ.

ಬೆವರು ಸುರಿಸುತ್ತ ಚಂದ್ರಮೋಹನ್ ನಮ್ಮೆದುರು ಬಂದು ನಿಂತ. "ಮೆರೀರಿ, ಮೆರೀರಿ. ನಿಮ್ದೆಲ್ಲಾ ಕಂಪ್ನಿ ಹತ್ರ ಐತೆ. ತಾಯಲೂರಲ್ಲಿ, ನಂಗ್ಲೀಲಿ, ಈ ಆ್ಯಪ್ ಹಾಕ್ಸಿರೋ ಎಲ್ಲಾ ಹುಳುಮನೆಗೂ ಹೋಗ್ತದೆ. ನಾಳೆಯಿಂದ ಯಾರ್ ಕೆಲಸ ಕೊಡ್ತಾರೋ ನೋಡ್ತೀನಿ."

ಯಾರು ಕೊಡುತ್ತಾರೋ ಅಂದು ನಮಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಭಾರತಮ್ಮ ಎದ್ದಳು. ಸೆರಗಿನಿಂದ ಫೋನನ್ನು ಒರೆಸಿ, ಜಗುಲಿಯ ಮೇಲೆ ಕುಸಿದು ಕೂತಿದ್ದ ಗೌಡರ ಬಳಿಗೆ ಹೋಗಿ, ಎರಡೂ ಕೈಯಲ್ಲಿ ಚಾಚಿದಳು.

"ನಿಮ್ದು ನಿಮಗೆ, ಗೌಡ್ರೇ."